ಹೆವಿ ಕೆಲಸ

ಶ್ರೀಶೈಲನ ಮನೆಯಲ್ಲಿ ‘ಹೆವಿ’ ಎನ್ನುವ ಮಾತಿಗೆ ಬಹಳ ಮರ್ಯಾದೆ ಇತ್ತು. ಅವನು ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಟಿಪ್ಪರ್ ಓಡಿಸುವವನು. ಕಿಸೆಯಲ್ಲಿ ಹೆವಿ ಲೈಸೆನ್ಸು, ಕೈಯಲ್ಲಿ ಹೆವಿ ಗಾಡಿ, ಗಾಡಿಯ ಬೆನ್ನ ಮೇಲೆ ಹೆವಿ ಲೋಡು. ಮಗ ವಿಜಯಮಹಾಂತೇಶ ಪಾಲಿಶ್ ಕಾರ್ಖಾನೆಯಿಂದ ಬಂದವನೇ ಜಿಮ್ಮಿಗೆ ಓಡಿ ಎತ್ತುತ್ತಿದ್ದದ್ದು ಹೆವಿ ವೇಟು. ಶ್ರೀಶೈಲನ ತಾಯಿ ಗುರುಲಿಂಗವ್ವ ಎಪ್ಪತ್ತು ದಾಟಿದವಳು, ಅಕ್ಷರ ಬಾರದವಳು. ಅವಳೂ ಅಂಗಡಿಯಲ್ಲಿ ಸೀರೆಯ ಸೆರಗು ಹಿಡಿದು “ಇದು ಹೆವಿ ಐತಿ, ಮದುವಿಗೆ ನಡೀತೈತಿ” ಎನ್ನುತ್ತಿದ್ದಳು. ಮಳೆ ಹೆವಿ, ಬಿಸಿಲು ಹೆವಿ, ಹುಗ್ಗಿ ಉಂಡ ಮೇಲೆ ಹೊಟ್ಟೆ ಹೆವಿ. ಮನೆಯ ಸೊಸೆ ಮಹೇಶ್ವರಿಯ ಪಾಲಿಗೆ ಮಾತ್ರ ಆ ಮಾತು ಎಂದೂ ಬಂದಿರಲಿಲ್ಲ.

ಎರಡು ವರ್ಷ ಅವಳು ಹೇಳಿದಳು. “ಅತ್ಯಾರ, ತಿಂಗಳಾ ಭಾಳ ಹೋಗಾಕತ್ತೈತ್ರಿ” ಎಂದು ಅತ್ತೆಗೆ ಹೇಳಿದಳು. “ನಿಲ್ಲೂ ಮುಂದ ಎಲ್ಲಾರಿಗೂ ಹಂಗ ಆಗ್ತೈತಿ” ಎಂದಳು ಅತ್ತೆ. ಗಂಡನಿಗೆ ಹೇಳಿದಳು. ಅವನು ಟಿವಿಯಿಂದ ಕಣ್ಣು ಕೀಳದೆ “ಒಂದು ಗುಳಗಿ ತಗೋ” ಎಂದ. ಕಡೆಗೊಂದು ದಿನ ನಳದ ಮುಂದೆ ಕೊಡ ಹಿಡಿದವಳು ಹಿಡಿದ ಹಾಗೇ ಕುಸಿದು ಬಿದ್ದಳು. ಬಾಗಲಕೋಟೆಯ ದವಾಖಾನೆಗೆ ಹೊತ್ತುಕೊಂಡು ಓಡಿದರು. ಅಲ್ಲಿನ ಡಾಕ್ಟರಮ್ಮ ಚೀಟಿಯಿಂದ ತಲೆ ಎತ್ತಿ “ಇಷ್ಟು ಹೆವಿ ಬ್ಲೀಡಿಂಗ್ ಐತಿ, ಇಷ್ಟ ದಿನ ಏನ್ ಮಾಡ್ತಿದ್ರಿ?” ಎಂದದ್ದೇ ತಡ, ಶ್ರೀಶೈಲನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ನೋಡಿ ಸೋಜಿಗ! ಹೆಂಡತಿ ಎರಡು ವರ್ಷ ಕನ್ನಡದಲ್ಲಿ ಹೇಳಿದ್ದು ಕಿವಿಗೆ ಬೀಳಲಿಲ್ಲ, ಡಾಕ್ಟರಮ್ಮ ಒಂದು ಸಲ ‘ಹೆವಿ’ ಎಂದದ್ದು ಎದೆಗೇ ಬಿತ್ತು.

ಗರ್ಭಚೀಲ ತೆಗೆದರು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು: “ಮೂರು ತಿಂಗಳು ಹೆವಿ ಕೆಲಸ ಮಾಡಬಾರದು. ಮ್ಯಾಲ ಮಾಗಿದಂಗ ಕಾಣಸ್ತೈತಿ, ಒಳಗಿನ ಹೊಲಿಗಿ ಹಸಿ ಇರ್ತಾವ. ಅವು ಬಿಟ್ಟುವಂದ್ರ ಕರಳು ಹೊರಗ ಬರ್ತೈತಿ, ಮತ್ತ ಹೊಟ್ಟಿ ಕೊಯ್ಯಬೇಕಾಗ್ತೈತಿ. ಆಕಿ ಮೈಯಾಗ ಎರಡನೇ ಸಲ ಕೊಯ್ಯೂವಷ್ಟು ರಕ್ತ ಇಲ್ಲ. ತಿಳೀತಲ್ಲ?”

“ತಿಳೀತ್ರಿ ಮೇಡಂ” ಎಂದ ಶ್ರೀಶೈಲ. “ಹೆವಿ ಅಂದ್ರ ಏನಂತ ನನಗ ಹೇಳಬೇಕೇನ್ರಿ? ಅದರಾಗ ಬದುಕಾಂವ ನಾ.”

ಮೊದಲ ವಾರ ಮಹೇಶ್ವರಿಗೆ ಪಡಸಾಲೆಯ ಮಂಚವೇ ಸಿಂಹಾಸನವಾಯಿತು. ಗ್ಯಾಸಿನ ಸಿಲಿಂಡರ್ ಬಂದಾಗ ಶ್ರೀಶೈಲ ತಾನೇ ಹೆಗಲ ಮೇಲೆ ಹೊತ್ತು ಒಳಗಿಟ್ಟ. ಜೋಳದ ಚೀಲವನ್ನು ಗಿರಣಿಗೆ ತಾನೇ ಒಯ್ದ. ಆಮೇಲೆ ಓಣಿಯಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು: “ಒಂದು ಸಿಲಿಂಡರ್ ಮುಟ್ಟಿಸಿಲ್ಲ ನೋಡ್ರಿ ಆಕಿಗೆ. ಹೆವಿ ಕೆಲಸ ಅಂದ್ರ ನಾನಾ ಮುಂದ.” ಸಿಲಿಂಡರ್ ತಿಂಗಳಿಗೊಂದು ಸಲ ಬರುತ್ತದೆ, ಜೋಳದ ಚೀಲ ಹದಿನೈದು ದಿನಕ್ಕೊಂದು ಸಲ ಗಿರಣಿಗೆ ಹೋಗುತ್ತದೆ. ಉಳಿದ ದಿನಗಳಲ್ಲಿ ಆ ಮನೆಯ ಹೊಟ್ಟೆ ತುಂಬುವುದು ಹೇಗೆ ಎಂದು ಅವನನ್ನು ಕೇಳಿದವರು ಯಾರೂ ಇಲ್ಲ.

ಆಮೇಲೆ ಮಾತಾಡಿಸುವವರು ಬರತೊಡಗಿದರು. ನಮ್ಮ ಕಡೆ ಬೇನೆಬಿದ್ದವರನ್ನು ಮಾತಾಡಿಸಲು ಹೋಗದಿದ್ದರೆ ಜನ್ಮಜನ್ಮದ ಮುನಿಸು. ಹುನಗುಂದದಿಂದ ಬಂದರು, ಬಾದಾಮಿಯಿಂದ ಬಂದರು, ಎಂದೋ ಮದುವೆಯೊಂದರಲ್ಲಿ ಮುಖ ನೋಡಿದ್ದ ಬೀಗರ ಬೀಗರೂ ಬಂದರು. ಮಂಚದ ತುದಿಗೆ ಕೂತು “ನಮ್ಮ ನಾದನಿಗೂ ಹಿಂಗಾ ಆಗಿತ್ತವ್ವಾ, ಆಕಿ ಉಳೀಲಿಲ್ಲ” ಎಂದು ಧೈರ್ಯ ಹೇಳಿದರು. ಬಂದವರನ್ನು ಬರಿ ಬಾಯಲ್ಲಿ ಕಳಿಸಲಿಕ್ಕೆ ಬರುತ್ತದೆಯೇ? ಮಗಳು ಭುವನೇಶ್ವರಿ ಕಾಲೇಜಿಗೆ ಹೋದ ಹೊತ್ತಿನಲ್ಲಿ ಬಂದವರಿಗೆ ಚಹಾ ಕಾಸಿದವಳು ಮಹೇಶ್ವರಿಯೇ. ಮಂಡಕ್ಕಿ ತೋಯಿಸಿ ಒಗ್ಗರಣೆ ಹಾಕಿದವಳೂ ಅವಳೇ. ಒಂದು ಕೈಯಿಂದ ಹೊಟ್ಟೆಯ ಬೆಲ್ಟು ಹಿಡಿದು, ಇನ್ನೊಂದು ಕೈಯಿಂದ ತನ್ನನ್ನು ನೋಡಲು ಬಂದವರಿಗೆ ತಾನೇ ತಟ್ಟೆ ಕೊಟ್ಟಳು.

“ಅಯ್ಯ, ನೀ ಯಾಕ ಎದ್ದೀ?” ಎಂದು ಅವರು ಅಂದರು. ಅಂದು, ಚಹಾ ಕುಡಿದರು.

ಪಕ್ಕದ ಮನೆಯ ನಜಮಾ ಒಬ್ಬಳೇ ಬೇರೆ ಥರ. ಸೀರೆಗೆ ಕುಚ್ಚು ಕಟ್ಟುವ ಕೆಲಸ ಬಿಟ್ಟು ಬಂದವಳು ಸೀದಾ ಅಡಿಗೆಮನೆಗೆ ನುಗ್ಗಿ ಕಪ್ಪುಬಸಿ ತೊಳೆದಿಟ್ಟು, ಹೊರಗೆ ಬಂದು ಗುರುಲಿಂಗವ್ವನಿಗೆ ಕೇಳುವಂತೆ ಹೇಳಿದಳು: “ಮಾತಾಡ್ಸಾಕ ಬಂದ ಮಂದೀನ ಅಕ್ಕನ್ನ ಕೊಲ್ತಾರ ಬಿಡ್ರಿ.”

“ಚಹಾ ಕಾಸೂದು ಏನ್ ಹೆವಿ ಕೆಲಸ ಏನವಾ?” ಎಂದಳು ಗುರುಲಿಂಗವ್ವ. ಅವಳ ದನಿಯಲ್ಲಿ ಕೆಟ್ಟತನವಿರಲಿಲ್ಲ, ನಿಜವಾದ ಅಚ್ಚರಿ ಇತ್ತು. ಅವಳು ಹಡೆದ ವಾರಕ್ಕೇ ಸೆಗಣಿಬುಟ್ಟಿ ಹೊತ್ತವಳು. ಸೊಸೆಯ ಮೇಲೆ ಪ್ರೀತಿಯೂ ಇತ್ತು. ನಡ ಗಟ್ಟಿಯಾಗಲೆಂದು ಅಂಟಿನುಂಡಿ ಕಟ್ಟಲು ನಿಂತಳು. ಬೆಲ್ಲ ತಂದಳು, ತುಪ್ಪ ತಂದಳು, ಅಂಟು ಹುರಿದಳು. “ಕೊಬ್ಬರಿ ಅಷ್ಟು ಹೆರದು ಕೊಡವಾ, ನನಗ ಕೈ ನಡೀವೊಲ್ವು” ಎಂದು ಮಹೇಶ್ವರಿಯ ಮುಂದೆ ಕೊಬ್ಬರಿ ಬಟ್ಟಲುಗಳ ರಾಶಿ ಇಟ್ಟಳು. ಉಂಡಿ ಯಾರಿಗೆ? ಮಹೇಶ್ವರಿಗೆ. ಕೊಬ್ಬರಿ ಹೆರೆದವರು ಯಾರು? ಮಹೇಶ್ವರಿ. ಆ ಉಂಡಿಯಲ್ಲಿ ನಾಲ್ಕು ಅವಳ ಬಾಯಿಗೆ ಹೋದವು, ಮಿಕ್ಕವು ಜಿಮ್ಮಿನಿಂದ ಹಸಿದು ಬರುವ ಮಗನ ಹೊಟ್ಟೆಗೆ ಹೋದವು.

ಎರಡನೇ ವಾರ ಮುಗಿಯುವಷ್ಟರಲ್ಲಿ ಮನೆಯ ಕೆಲಸವೆಲ್ಲ ಭುವಿಯ ತಲೆಗೆ ಬಂತು. ಬಿ.ಕಾಂ. ಕಡೆಯ ವರ್ಷದ ಹುಡುಗಿ. ಬೆಳಗ್ಗೆ ಎದ್ದು ಕಸ ಹೊಡೆದು, ಭಾಂಡೆ ತಿಕ್ಕಿ, ಅಪ್ಪನ ಬುತ್ತಿಗೆ ರೊಟ್ಟಿ ಬಡಿದು, ಅಣ್ಣನ ಬುತ್ತಿಗೆ ಬೇರೆ ಚಪಾತಿ ಲಟ್ಟಿಸಿ, ಅಜ್ಜಿಗೆ ಬಿಸಿನೀರು ಕಾಸಿ ಕಾಲೇಜಿಗೆ ಹೋಗುವ ಹೊತ್ತಿಗೆ ಮೊದಲ ತಾಸು ಮುಗಿದಿರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಅವ್ವನ ಹೊಟ್ಟೆ ಕೊಯ್ದದ್ದಕ್ಕೆ ಮಗಳಿಗೆ ಬರೆ ಬಿತ್ತು. ಮನೆಯಲ್ಲಿ ಇನ್ನೂ ಎರಡು ಜೊತೆ ಗಟ್ಟಿಮುಟ್ಟಾದ ಕೈಗಳಿದ್ದವಲ್ಲ, ಅವುಗಳ ಕಡೆ ಯಾರ ಕಣ್ಣೂ ಹೊರಳಲಿಲ್ಲ.

ಒಂದು ಸಂಜೆ ಭುವಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಕಾಲೇಜಿನ ಒಳಪರೀಕ್ಷೆ ತಪ್ಪಿತ್ತು. ಗುರುಲಿಂಗವ್ವ ಸಮಾಧಾನ ಮಾಡಿದಳು, ಅದೂ ತನ್ನದೇ ರೀತಿಯಲ್ಲಿ.

“ಅಳಬ್ಯಾಡ ಯವ್ವಾ. ಹೆಂಗೂ ನಿನಗ ಇಷ್ಟ ಸಾಲಿ ಸಾಕು. ಶ್ರೀಶೈಲಾ, ಮೂರ್ ತಿಂಗಳು ಕೂಸನ್ನ ಮನ್ಯಾಗ ಇಟ್ಕೊ. ಇಕಿ ಅವ್ವಗೂ ಆರಾಮ ಆಗ್ತೈತಿ, ಕೂಸಿಗೂ ಕೆಲಸ ಬರ್ತೈತಿ.”

“ಆಯಿ, ಮುಂದಿನ ತಿಂಗಳ ನನ್ನ ಕಡೀ ಪರೀಕ್ಷಿ ಅದಾವ!” ಎಂದಳು ಭುವಿ.

“ಪರೀಕ್ಷಿ ವರ್ಷಾ ಬರ್ತಾವ. ಅವ್ವ ವರ್ಷಾ ಬರ್ತಾಳೇನು?”

ಶ್ರೀಶೈಲ ರೊಟ್ಟಿ ಮುರಿಯುತ್ತ “ನೋಡೂಣು” ಎಂದ. ಅವನ ‘ನೋಡೂಣು’ ಎಂದರೆ ಏನೆಂದು ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ ಮಹೇಶ್ವರಿಗೆ ಗೊತ್ತು. ಒಲ್ಲೆ ಎನ್ನಲು ಬಾಯಿ ಬಾರದ ಕಡೆ ಅವನು ಹೇಳುವ ಮಾತದು, ಹೌದು ಎನ್ನಲು ನಾಚಿಕೆಯಾದ ಕಡೆಯೂ ಅದೇ ಮಾತು. ಮರುದಿನ ಭುವಿ ಏಳುವ ಮೊದಲೇ ಅವಳು ಎದ್ದು ಒಲೆ ಹಚ್ಚಿದಳು.

“ಅವ್ವಾ, ಡಾಕ್ಟರ್ ಏನ್ ಹೇಳ್ಯಾರ!” ಎಂದು ಮಗಳು ಕೂಗಿದಳು.

“ಹೆವಿ ಕೆಲಸ ಬ್ಯಾಡ ಅಂದಾರ. ಇದೇನ್ ಹೆವಿ ಅಲ್ಲ. ನೀ ಓದಕೊ ಹೋಗು.”

ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಆ ಸುಳ್ಳಿಗೇ ಬೆಲೆ. ಅವಳು ಎದ್ದದ್ದನ್ನು ನೋಡಿದ ಮೇಲೆ ಯಾರೂ ಮಲಗು ಎನ್ನಲಿಲ್ಲ. “ಈಗ ಆರಾಮ ಆದಂಗ ಕಾಣ್ತೀ ಬಿಡು” ಎಂದರು.

ಇಳಕಲ್ಲಿನಲ್ಲಿ ನಳ ಬರುವುದು ನಾಲ್ಕೈದು ದಿನಕ್ಕೊಂದು ಸಲ. ಬಂದಾಗ ತುಂಬಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗೆ ನಳ ಬಂದ ಒಂದು ದಿನ ಭುವಿ ಕಾಲೇಜಿಗೆ ಹೊರಟಾಗಿತ್ತು. ಮಹೇಶ್ವರಿ ಕಾರ್ಖಾನೆಗೆ ರಜೆಯೆಂದು ಮಲಗಿದ್ದ ಮಗನನ್ನು ಅಲುಗಾಡಿಸಿ ಎಬ್ಬಿಸಿದಳು.

“ಮಾಂತೇಶಾ, ನಳ ಬಂದೈತಿ. ನಾಕ ಕೊಡ ಬ್ಯಾರಲಿಗೆ ಹಾಕಪ್ಪಾ.”

“ಅವ್ವಾ, ಸಂಜಿಕೆ ಜಿಮ್ಮಿನ್ಯಾಗ ಹೆವಿ ಹೊಡಿಯೂದೈತಿ ಇವತ್ತ. ಈಗ ನೀರ್ ಹೊತ್ತು ಸುಸ್ತಾದ್ರ ಸಂಜಿಕೆ ಕೈ ಏಳೂದಿಲ್ಲ” ಎಂದು ಅವನು ಮುಸುಕು ಎಳೆದುಕೊಂಡ.

“ಕಬ್ಬಿಣ ಎತ್ತಾಕ ರೊಕ್ಕ ಕೊಟ್ಟು ಹೋಗ್ತೀ. ನೀರ್ ಎತ್ತಾಕ ಅವ್ವ ಬೇಕೇನಲೇ ನಿನಗ?”

“ಅರ್ಧಾ ಅರ್ಧಾ ಕೊಡ ಹಾಕು. ಅರ್ಧಾ ಕೊಡ ಹೆವಿ ಅಲ್ಲ.”

ಮೊಮ್ಮಗನ ಲೆಕ್ಕ ಅಜ್ಜಿಗೂ ಸರಿ ಅನ್ನಿಸಿತು. “ಹೌದಲ್ಲ ಮತ್ತ, ಅರ್ಧಾ ಅರ್ಧಾ ತುಂಬು” ಎಂದಳು. ತುಂಬಿದ ಕೊಡ ಹೆವಿ, ಅರ್ಧ ಕೊಡ ಹೆವಿ ಅಲ್ಲ. ಅರ್ಧ ಕೊಡವನ್ನು ಎರಡು ಪಟ್ಟು ಸಲ ಹೊತ್ತರೂ ಹೆವಿ ಅಲ್ಲ. ಹಸಿ ಕೌದಿ ಹಿಂಡುವುದು ಹೆವಿ ಅಲ್ಲ, ಯಾಕೆಂದರೆ ಅದು ಅರಿವೆ. ನೆಲ ಒರೆಸುವುದು ಹೆವಿ ಅಲ್ಲ, ಅದರಲ್ಲಿ ಎತ್ತುವುದೇ ಇಲ್ಲ. ಹೀಗೆ ಒಂದೊಂದಾಗಿ ಎಲ್ಲ ಕೆಲಸಗಳೂ ಹಗುರಾಗಿ ಅವಳ ಕೈಗೆ ಮರಳಿ ಬಂದವು. ಮೈ ಮಾತ್ರ ಹಗುರಾಗಲಿಲ್ಲ. ಸಂಜೆಯಾದರೆ ಹೊಲಿಗೆಯ ಜಾಗ ಚಿಮಟಿಗೆಯಿಂದ ಹಿಡಿದು ಎಳೆದಂತೆ ಆಗುತ್ತಿತ್ತು.

ಶ್ರಾವಣ ಹತ್ತಿತು. ಮಠದಲ್ಲಿ ತಿಂಗಳಿಡೀ ಪುರಾಣ, ಕಡೆಯ ಸೋಮವಾರ ದಾಸೋಹ. ಊರಿನ ಮನೆಮನೆಯಿಂದ ಕಡಕ್ ರೊಟ್ಟಿ ಬಡಿದು ಕೊಡುತ್ತಾರೆ. ರೊಟ್ಟಿ ಕೂಡಿಸುವ ಟೆಂಪೋ ಓಣಿ ಓಣಿಗೆ ಬರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಗುರುಲಿಂಗವ್ವ ಊಟದ ತಟ್ಟೆ ಸರಿಸಿ, ಬಹಳ ದಿನ ಬಚ್ಚಿಟ್ಟ ಸಿಹಿ ಸುದ್ದಿಯನ್ನು ಹೇಳುವವಳ ಹಾಗೆ ಬಾಯಿ ಬಿಟ್ಟಳು.

“ಮಹೇಶ್ವರಿ, ನಿನ್ನ ಒಳಗ ಒಯ್ದಾಗ ನಾ ದವಾಖಾನಿ ಬಾಗಲದಾಗ ಕುಂತು ಹರಕಿ ಹೊತ್ತೇನಿ. ನಮ್ಮ ಸೊಸಿ ಚೊಲೊ ಆಗಿ ಮನಿಗೆ ಬಂದ್ರ, ಆಕಿ ಕೈಲೇನ ಮುನ್ನೂರು ರೊಟ್ಟಿ ಬಡಿಸಿ ಮಠಕ್ಕ ಕೊಡ್ತೇನಿ ಅಂತ.”

ಭುವಿ ಹೆಸರುಕಾಳಿನ ಪಲ್ಯ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. “ಆಯಿ! ಯಾರ ಕೈಲೆ?”

“ಆಕಿ ಕೈಲೆ. ಆಕಿ ಜೀವಕ್ಕ ಹೊತ್ತ ಹರಕಿ, ಆಕೀನ ತೀರಸ್ಬೇಕಲ್ಲ.”

“ಹೊಟ್ಟಿ ಕೊಯ್ದಾಕಿಗೆ ಆರಾಮ ಆಗ್ಲಿ ಅಂತ ಹೊತ್ತ ಹರಕಿಗೆ, ಹೊಟ್ಟಿ ಕೊಯ್ದಾಕೀನ ರೊಟ್ಟಿ ಬಡೀಬೇಕೇನು? ಇದ್ಯಾವ ಊರ ನ್ಯಾಯ? ನೀವಾ ಹೊತ್ತೀರಿ, ನೀವಾ ಬಡೀರಿ!”

“ನನ್ನ ಮೊಣಕಾಲ ಮಡಚ್ತಾವೇನು?” ಎಂದು ಗುರುಲಿಂಗವ್ವ ಕಣ್ಣೀರು ತಂದಳು. “ಆಕಿ ಸತ್ತಳು ಅನ್ಕೊಂಡಿದ್ನಿ ಅವತ್ತ. ದೇವರಿಗೆ ಕೈ ಮುಗದು ಉಳಿಸ್ಕೊಂಡೇನಿ. ಈಗ ಮಾತ್ ತಪ್ಪಲೇನು?” ಆ ಕಣ್ಣೀರು ಖರೆ ಇತ್ತು. ಅದೇ ಮಹೇಶ್ವರಿಗೆ ಸಿಟ್ಟು ತರಿಸಿದ್ದು. ಸುಳ್ಳು ಕಣ್ಣೀರಾಗಿದ್ದರೆ ಒಂದು ಮಾತು ಎಸೆದು ಎದ್ದು ಹೋಗಬಹುದಿತ್ತು.

ಎಲ್ಲರೂ ಶ್ರೀಶೈಲನ ಮುಖ ನೋಡಿದರು. ಹೆವಿಯ ವಿಷಯದಲ್ಲಿ ಆ ಮನೆಗೆ ಅವನೇ ಜಡ್ಜು. ಅವನು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ.

“ಒಂದು ರೊಟ್ಟಿ ಎಷ್ಟ ವಜ್ಜಿ ಇರ್ತೈತಿ? ಹೂವಿನಂಗ ಇರ್ತೈತಿ. ಕುಂತಲ್ಲೇ ಕುಂತು ಮಾಡೂದು, ಎತ್ತೂದಿಲ್ಲ, ಇಳಸೂದಿಲ್ಲ. ದಿನಾ ಅರವತ್ತ ಅರವತ್ತ ಬಡದ್ರ ವಾರದಾಗ ಮುಗೀತು. ಹಿಟ್ಟಿನ ಡಬ್ಬಿ ನಾ ಎತ್ತಿ ಇಡ್ತೇನಿ.”

“ನೀವು ಒಂದು ಬಡದು ನೋಡ್ರಿ” ಎಂದಳು ಮಹೇಶ್ವರಿ.

“ಏನಂದಿ?”

“ಒಂದಾ ಒಂದು. ಎಸರಿಟ್ಟ ಹಿಟ್ಟು ನಾದಿ, ಹಲಗಿ ಮ್ಯಾಲ ಬಡದು, ಹಂಚಿಗೆ ಹಾಕ್ರಿ. ಮೈ ಭಾರ ಎಲ್ಲಾ ಎಲ್ಲಿ ಬಂದು ಕುಂದರ್ತೈತಿ ಅಂತ ನಿಮಗ ತಿಳೀತೈತಿ.”

ಶ್ರೀಶೈಲ ನಕ್ಕ. ಹೆಂಡತಿ ಚೇಷ್ಟೆ ಮಾಡಿದಳು ಎಂದುಕೊಂಡ. “ನಾ ಬಡದ್ರ ಇಂಡಿಯಾ ನಕಾಶಿ ಆಗ್ತೈತಿ” ಎಂದು ಎದ್ದು ಕೈ ತೊಳೆದ.

ಅವಳು ಒಲ್ಲೆ ಎನ್ನಬಹುದಿತ್ತು. ಎಂದಿದ್ದರೆ ಮರುದಿನವೇ ಭುವಿಯ ಕೈಗೆ ಹಲಗೆ ಬರುತ್ತಿತ್ತು. ಗುರುಲಿಂಗವ್ವ ಆಗಲೇ “ನಿಮ್ಮವ್ವಗ ಆಗದಿದ್ರ ನೀ ಕುಂಡ್ರು, ತಾಯಿ ಕೈ ಮಗಳ ಕೈ ಒಂದಾ” ಎಂದು ಅರ್ಧ ದಾರಿ ಮಾಡಿಟ್ಟಿದ್ದಳು. ಪರೀಕ್ಷೆಗಳು ದಾಸೋಹದ ಸೋಮವಾರವೇ ಸುರು. ಮಹೇಶ್ವರಿ ಬೆಲ್ಟು ಬಿಗಿದುಕೊಂಡು ಒಲೆಯ ಮುಂದೆ ಕೂತಳು.

ಮೊದಲ ದಿನ ರೊಟ್ಟಿ ಬಡಿದಳು. ಎರಡನೇ ದಿನ ಬಡಿದಳು. ಪ್ರತಿ ಸಲ ನಾದಿದಾಗ ಅಂಗೈಯ ಒತ್ತು ಹೆಗಲಿನಿಂದ ಇಳಿದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಗುರುಲಿಂಗವ್ವ ಪಕ್ಕದಲ್ಲೇ ಕೂತು ಭಕ್ತಿಯಿಂದ ರೊಟ್ಟಿ ಒಣಗಿಸಿ ಬಿಳಿ ಅರಿವೆಯಲ್ಲಿ ಪೇರಿಸುತ್ತಿದ್ದಳು. “ನೋಡು, ನಿನ್ನ ಕೈ ರೊಟ್ಟಿ ಹಪ್ಪಳದಂಗ ಏಳ್ತಾವ” ಎಂದು ಹೊಗಳಿದಳು. ಮೂರನೇ ದಿನ ಮಹೇಶ್ವರಿ ಹಂಚಿನತ್ತ ಬಾಗಿದಾಗ ಒಳಗೆ ಏನೋ ಪಟಕ್ಕನೆ ಬಿಟ್ಟಂತಾಯಿತು. ಬೆಲ್ಟಿನ ಕೆಳಗೆ ಬಿಸಿಯಾಗಿ ಒದ್ದೆಯಾಯಿತು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿಯೇ ಅವಳು ಗೋಡೆಗೆ ಒರಗಿದಳು. ಅಷ್ಟು ಚಟ ಬಿದ್ದಿತ್ತು ಕೈಗೆ.

ನಜಮಾಳೇ ಆಟೋ ಕರೆದಳು. ಶ್ರೀಶೈಲ ಕ್ವಾರಿಯಿಂದ ಓಡಿ ಬಂದ. ಬಾಗಲಕೋಟೆಗೆ ಹೋಗುವ ದಾರಿಯುದ್ದಕ್ಕೂ ಅವನು ಹೆಂಡತಿಯ ಕೈ ಹಿಡಿದುಕೊಂಡೇ ಇದ್ದ, ಹೆದರಿದ್ದ, ಪಾಪ. ಡಾಕ್ಟರಮ್ಮ ಬೆಲ್ಟು ಬಿಚ್ಚಿ ನೋಡಿದವಳೇ ತುಟಿ ಕಚ್ಚಿದಳು.

“ಹೊಲಿಗಿ ಬಿಟ್ಟಾವ, ಕೀವೂ ತುಂಬೈತಿ. ಏನಾರ ಹೆವಿ ಕೆಲಸ ಮಾಡಿಸಿದ್ರೇನು?”

“ಛೇ ಛೇ, ಇಲ್ರಿ ಮೇಡಂ!” ಎಂದ ಶ್ರೀಶೈಲ. “ದೇವರಾಣಿ ಇಲ್ರಿ. ಒಂದು ಸಿಲಿಂಡರ್ ಸೈತ ಮುಟ್ಟಿಸಿಲ್ಲ. ಬರೇ ಮನೀ ಕೆಲಸ ಅಷ್ಟಾ ಮಾಡ್ಯಾಳ್ರಿ.”

ಅವನು ಸುಳ್ಳು ಹೇಳಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಮೋಸವಿರಲಿಲ್ಲ. ಮಹೇಶ್ವರಿಗೆ ನೆತ್ತಿಗೇರಿದ್ದು ಅದೇ. ಇಪ್ಪತ್ತಮೂರು ವರ್ಷ ಅವಳ ಕೈಯಿಂದ ಉಂಡವನು, ಅವಳು ಒಗೆದದ್ದನ್ನು ಉಟ್ಟವನು, ಅವಳ ಬೆನ್ನ ಮೇಲೆ ಮನೆ ನಿಂತದ್ದನ್ನು ದಿನವೂ ನೋಡಿಯೂ ನೋಡದವನು! ಹಲ್ಲು ಕಚ್ಚಿ ಮಲಗಿದ್ದವಳು ಮೊಣಕೈ ಊರಿ ಎದ್ದಳು.

“ಮೇಡಂ, ನಿಮಗ ಕೈ ಮುಗೀತೇನಿ, ಈ ಸಲ ಹೆವಿ ಅನ್ನಬ್ಯಾಡ್ರಿ” ಎಂದಳು. “ಆ ಮಾತು ನಮ್ಮ ಮನ್ಯಾಗ ಗಂಡಸರದು. ಗಾಡಿಗೆ ಹಚ್ಚತಾರ, ಕಲ್ಲಿಗೆ ಹಚ್ಚತಾರ, ನನ್ನ ಕೆಲಸಕ್ಕ ಹಚ್ಚೂದಿಲ್ಲ. ಹೆಸರ ಹಿಡದ ಹೇಳ್ರಿ. ರೊಟ್ಟಿ ಬಡೀಬಾರದು ಅನ್ರಿ. ಕೊಡ ಎತ್ತಬಾರದು, ಅರ್ಧಾ ಕೊಡಾನೂ ಎತ್ತಬಾರದು ಅನ್ರಿ. ಕೌದಿ ಹಿಂಡಬಾರದು, ನೆಲಾ ಒರಸಬಾರದು, ಬಂದಾವರಿಗೆ ಚಹಾ ಕಾಸಬಾರದು ಅನ್ರಿ. ಇವರ ಮುಂದ ಅನ್ರಿ.”

ಡಾಕ್ಟರಮ್ಮ ಶ್ರೀಶೈಲನ ಕಡೆ ತಿರುಗಿ ಒಂದೊಂದನ್ನೇ ಹೇಳಿದಳು. ಒಂದೊಂದಕ್ಕೂ ಅವನು “ಹೂಂನ್ರಿ” ಎಂದ. ಹೇಳಿ ಮುಗಿದ ಮೇಲೆ ಗೊಂದಲದಿಂದ ಕೇಳಿದ: “ಮತ್ತ ಇದನ್ನೆಲ್ಲಾ ಯಾರ್ ಮಾಡಬೇಕ್ರಿ ಮೇಡಂ?”

“ಅದನ್ನ ಡಾಕ್ಟರಿಗೆ ಕೇಳ್ತಾರೇನ್ರಿ?” ಎಂದಳು ಆಕೆ. “ಇನ್ನೊಮ್ಮೆ ಹೊಲಿಗಿ ಬಿಟ್ರ ನನ್ನ ಕಡೆ ತರಬ್ಯಾಡ್ರಿ.”

ಮತ್ತೆ ಹೊಲಿಗೆ ಬಿತ್ತು, ಮೂರು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಸುರುವಾಯಿತು. ಭಾನುವಾರ ಮನೆಗೆ ಬಂದರು. ಆ ಸಂಜೆ ಖಾನಾವಳಿಯಿಂದ ಊಟ ಬಂತು. ಮಹಾಂತೇಶ ಕೇಳದೆಯೇ ಎರಡು ಕೊಡ ನೀರು ತಂದಿಟ್ಟು ಹೊರಗೆ ಹೋದ.

ಸೋಮವಾರ ಬೆಳಗ್ಗೆ ಭುವಿ ಕಾಲೇಜಿನ ಅಂಗಿ ತೊಟ್ಟು, ಪುಸ್ತಕದ ಚೀಲ ಹೆಗಲಿಗೇರಿಸಿ ಅವ್ವನ ಕಾಲು ಮುಟ್ಟಲು ಬಂದಳು. ಒಳಗಿನಿಂದ ಗುರುಲಿಂಗವ್ವ ಗೋಡೆ ಹಿಡಿದು ಬಂದು ಬಾಗಿಲಿಗೆ ಅಡ್ಡ ನಿಂತಳು.

“ಭುವಿ, ಇವತ್ತ ಟೆಂಪೋ ಬರ್ತೈತಿ. ನೂರಾ ಎಪ್ಪತ್ತಕ್ಕ ನಿಂತಾವ ರೊಟ್ಟಿ. ಅರ್ಧಾ ಹರಕಿ ಕೊಟ್ರ ಪೂರ್ತಿ ಶಾಪ ಯವ್ವಾ. ಮಠದವರಿಗೆ ಸಂಜೀತನಕ ತಡೀರಿ ಅಂತೇನಿ. ನೀ ಇವತ್ತೊಂದು ದಿನ ಕುಂಡ್ರು. ಈ ಪರೀಕ್ಷಿ ಮುಂದ ಬರಿಯಾಕ ಬರ್ತೈತಿ, ಹೌದಲ್ಲೋ ಶ್ರೀಶೈಲ?”

ಶ್ರೀಶೈಲ ಬೂಟಿನ ಲೇಸು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. “ನೋಡೂಣು” ಎಂದ.

ಭುವಿ ಅವ್ವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಚೀಲ ಕೆಳಗಿಟ್ಟಳು. ಓಡ್ನಿಯನ್ನು ನಡಕ್ಕೆ ಬಿಗಿದುಕೊಂಡಳು. ಯಾರೂ ಬೈಯದೆ, ಯಾರೂ ಹೊಡೆಯದೆ, ತನ್ನಷ್ಟಕ್ಕೆ ತಾನೇ ಒಲೆಯ ಕಡೆ ನಡೆದಳು. ಇಪ್ಪತ್ತಮೂರು ವರ್ಷ ತಾನು ಹೀಗೇ ನಡೆದದ್ದು ಮಹೇಶ್ವರಿಯ ಕಣ್ಣಿಗೆ ಕಟ್ಟಿ ಮೈಯೆಲ್ಲ ಉರಿಯಿತು.

“ಭುವೀ! ಚೀಲಾ ತಗೋ!”

ಆ ದನಿಗೆ ಹೊರಗೆ ನಿಂತ ಟೆಂಪೋದ ಹೆಂಗಸರೂ ತಿರುಗಿ ನೋಡಿದರು. ಟೆಂಪೋ ಆಗತಾನೇ ಬಂದಿತ್ತು. ರೊಟ್ಟಿ ಕೂಡಿಸುವವರ ಮುಂದಾಳು ಚಂದ್ರವ್ವ ಹೊಸ್ತಿಲಿಗೆ ಬಂದು “ಏನ್ ಗುರುಲಿಂಗವ್ವಾ, ರೊಟ್ಟಿ ತಯಾರ ಅದಾವಿಲ್ಲ?” ಎನ್ನುತ್ತಿದ್ದಳು. ಹಿಂದೆ ನಾಲ್ಕಾರು ಹೆಂಗಸರು, ಓಣಿಯ ಮಂದಿ. ಮಹೇಶ್ವರಿ ಒಂದು ಕೈ ಹೊಟ್ಟೆಯ ಮೇಲಿಟ್ಟು, ಒಂದು ಕೈ ಮಂಚಕ್ಕೆ ಊರಿ ಎದ್ದು ಕೂತಳು.

“ಅತ್ಯಾರ, ಏನಂತ ಹರಕಿ ಹೊತ್ತಿದ್ರಿ? ಚಂದ್ರವ್ವಾರ ಮುಂದ ಹೇಳ್ರಿ.”

“ಈಗ್ಯಾಕದು?” ಎಂದಳು ಗುರುಲಿಂಗವ್ವ.

“ಹೇಳ್ರಿ. ದೇವರ ಮುಂದ ಹೇಳಿದ್ದು ಮಂದಿ ಮುಂದ ಹೇಳಾಕೇನು?”

“ಸೊಸಿ ಚೊಲೊ ಆಗಿ ಮನಿಗೆ ಬಂದ್ರ ಮುನ್ನೂರು ರೊಟ್ಟಿ ಅಂತ.”

“ಚೊಲೊ ಆಗೇನೇನು ನಾನು?”

ಮಹೇಶ್ವರಿ ಸೆರಗು ಸರಿಸಿ, ಹೆಂಗಸರಿಗೆ ಕಾಣುವಂತೆ, ಹಸಿ ಪಟ್ಟಿಯ ಮೇಲೆ ಮತ್ತೆ ಮೂಡಿದ್ದ ಕೆಂಪು ಕಲೆ ತೋರಿಸಿದಳು. ಚಂದ್ರವ್ವ ಗಲ್ಲದ ಮೇಲೆ ಕೈಯಿಟ್ಟಳು.

“ನಾ ಚೊಲೊ ಆಗಿಲ್ಲ. ನಿಮ್ಮ ಹರಕಿ ಇನ್ನೂ ಫಲಿಸಿಲ್ಲ ಅತ್ಯಾರ. ಫಲಿಸೂತನಕ ದೇವರಿಗೆ ನಾವು ಒಂದು ರೊಟ್ಟಿ ಕೊಡೂದಿಲ್ಲ. ಕೊಯ್ದ ಹೊಟ್ಟಿ ಮ್ಯಾಲ ಬಡದ ರೊಟ್ಟಿ ಒಯ್ದು ಉಣ್ಣಾಕ ಹಾಕಿದ್ರ ಆ ಮಠದಾಗ ಕುಂತವರಿಗೆ ಗಂಟಲದಾಗ ಇಳದೀತೇನು? ಬಡದದ್ದು ಮನ್ಯಾಗ ಇರಲಿ. ಕಡಕ್ ರೊಟ್ಟಿ, ಕೆಡೂದಿಲ್ಲ. ಇವತ್ತಿನಿಂದ ಈ ಮನ್ಯಾಗ ಅವನ್ನ ಉಣ್ಣೂದು. ಪಲ್ಯ ನೀವು ಮಾಡ್ರಿ, ಖಾರದ ಹಿಂಡಿ ಇವರು ಕುಟ್ಟಲಿ, ಭಾಂಡೆ ನಿಮ್ಮ ಮೊಮ್ಮಗ ತಿಕ್ಕಲಿ, ಭಾಳ ತಾಕತ್ತೈತಿ ಅವಗ.”

“ಮಠಕ್ಕ ಮೀಸಲಿಟ್ಟದ್ದವಾ ಅವು!” ಎಂದು ಗುರುಲಿಂಗವ್ವ ಎದೆ ಬಡಿದುಕೊಂಡಳು. ಮಗನ ಕಡೆ ತಿರುಗಿದಳು. “ಕೇಳಿದೇನೋ? ಏನಾರ ಅನ್ನೋ!”

ಶ್ರೀಶೈಲ ಬೂಟು ಹಾಕಿಕೊಂಡ ಒಂದು ಕಾಲು, ಹಾಕಿಕೊಳ್ಳದ ಒಂದು ಕಾಲಿನಲ್ಲಿ ನಿಂತಿದ್ದ. ಓಣಿಯ ಮಂದಿಯೆಲ್ಲ ಅವನನ್ನೇ ನೋಡುತ್ತಿದ್ದರು.

“ಈ ಸಲ ನೋಡೂಣು ಅನ್ನಬ್ಯಾಡ್ರಿ” ಎಂದಳು ಮಹೇಶ್ವರಿ.

ಅವನು ಅನ್ನಲಿಲ್ಲ. ತಾಯಿಯ ಮುಖ ನೋಡದೆ, “ಚಂದ್ರವ್ವಾರ, ಈ ಸಲ ನಮ್ಮ ಮನಿ ರೊಟ್ಟಿ ಇಲ್ರಿ” ಎಂದ.

ಚಂದ್ರವ್ವ “ದೇವರಿಗೆ ತಿಳೀತೈತಿ ಬಿಡವ್ವಾ, ನೀ ಮಲಕೋ” ಎಂದು ತಿರುಗಿದಳು.

“ತಡೀರಿ ಚಂದ್ರವ್ವಾರ” ಎಂದಳು ಮಹೇಶ್ವರಿ. “ಹೊತ್ತಾಗೈತಿ, ಪರೀಕ್ಷಿ ಗಂಟಿ ಹೊಡೀತೈತಿ. ನಮ್ಮ ಮನಿಂದ ಇಕೀನ ಹತ್ತಿಸ್ಕೊಂಡು ಹೋಗ್ರಿ, ಕಾಲೇಜಿನ ಮುಂದ ಇಳಸ್ರಿ.”

ಭುವಿ ನಡದ ಓಡ್ನಿ ಬಿಚ್ಚಿ, ಚೀಲ ಎತ್ತಿಕೊಂಡು ಟೆಂಪೋದತ್ತ ಓಡಿದಳು. ಹಿಂಬದಿಯಿಂದ ಇಬ್ಬರು ಹೆಂಗಸರು ಕೈ ಕೊಟ್ಟು ಮೇಲೆಳೆದುಕೊಂಡರು, ರೊಟ್ಟಿಯ ಗಂಟುಗಳನ್ನು ಆಚೀಚೆ ಸರಿಸಿ ಜಾಗ ಮಾಡಿದರು. ಟೆಂಪೋ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಮಹೇಶ್ವರಿ ಕಿಟಕಿಯಿಂದ ನೋಡಿದಳು. ಮಗಳು ಆಗಲೇ ಪುಸ್ತಕ ಬಿಡಿಸಿದ್ದಳು.